ಉತ್ತರ ಎಷ್ಟು ಹೊತ್ತಿಗೆ ಬಂದೀತು?

ಗಣಕಯಂತ್ರವನ್ನು ಕೇಳಿದರೆ ಕ್ಷಣದಲ್ಲಿ ಉತ್ತರ ಬರುತ್ತದೆಂದು ನಾವೆಲ್ಲ ನಂಬಿದ್ದೇವೆ. ಆದರೆ ಡೇಟಾಬೇಸ್ ಎಂಬ ದೊಡ್ಡ ಮಾಹಿತಿ ಭಂಡಾರದಲ್ಲಿ ಒಂದು ಪ್ರಶ್ನೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಅದರಂತೆಯೇ ಕಾಣುವ ಇನ್ನೊಂದಕ್ಕೆ ಗಂಟೆಗಟ್ಟಲೆ ಬೇಕಾದೀತು. ಇದನ್ನು ಮುಂಚಿತವಾಗಿ ಹೇಳಲಾಗದೆ?

1979ರಲ್ಲಿ ಐಬಿಎಂ ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು. ಹುಡುಕುವ ಮೊದಲು ಯಂತ್ರವು ಹಲವು ಮಾರ್ಗಗಳನ್ನು ಯೋಚಿಸಿ, ಒಂದೊಂದರಲ್ಲೂ ಎಷ್ಟು ಪುಟ ತೆರೆಯಬೇಕು, ಎಷ್ಟು ದಾಖಲೆ ಕೈಗೆ ಬಂದೀತು ಎಂದು ಅಂದಾಜಿಸಿ, ಖರ್ಚು ಕಡಿಮೆಯದನ್ನು ಹಿಡಿಯುತ್ತದೆ. ಗ್ರಂಥಾಲಯದಲ್ಲಿ ಎರಡು ಪುಸ್ತಕ ಬೇಕಿದ್ದರೆ ಸೂಚಿ ನೋಡುತ್ತೇವೆ. ಅರ್ಧ ಕಪಾಟೇ ಬೇಕಿದ್ದರೆ ಸಾಲಾಗಿ ತೆಗೆಯುತ್ತೇವಲ್ಲವೆ, ಹಾಗೆ. ಈ ಖರ್ಚು ನಿಮಿಷದ ಲೆಕ್ಕವಲ್ಲ, ಮಾರ್ಗಗಳನ್ನು ಹೋಲಿಸುವ ಅಳತೆ ಮಾತ್ರ.

ಎಲ್ಲವೂ ನಿಂತಿರುವುದು 'ಎಷ್ಟು ಮಂದಿ' ಎಂಬ ಅಂದಾಜಿನ ಮೇಲೆ. ಎಡವುವುದೂ ಅಲ್ಲಿಯೇ. ನಮ್ಮ ಕಾಸರಗೋಡು ಜಿಲ್ಲೆಯ 10,000 ಮಕ್ಕಳ ಪಟ್ಟಿಯೊಂದನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಮಂಜೇಶ್ವರ ತಾಲೂಕಿನವರು ನಾಲ್ಕರಲ್ಲೊಂದು ಪಾಲು, ಕನ್ನಡ ಮಾಧ್ಯಮದವರು ಹತ್ತರಲ್ಲೊಂದು ಪಾಲು ಎಂದಿರಲಿ. ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಯಾರೆಂದು ಕೇಳಿದರೆ ಯಂತ್ರ ಎರಡು ಪಾಲನ್ನೂ ಗುಣಿಸಿ 250 ಮಂದಿ ಎಂದುಕೊಳ್ಳುತ್ತದೆ. ಊರಿಗೂ ಭಾಷೆಗೂ ಸಂಬಂಧವಿಲ್ಲವೆಂಬುದು ಅದರ ಗ್ರಹಿಕೆ. ಕನ್ನಡ ಶಾಲೆಗಳು ಜಿಲ್ಲೆಯ ಬಡಗು ಭಾಗದಲ್ಲೇ ಹೆಚ್ಚೆಂಬುದು ನಮ್ಮ ಅಜ್ಜಿಯಂದಿರಿಗೂ ಗೊತ್ತು! ನಿಜವಾಗಿ 700 ಮಂದಿ ಇದ್ದಾರು. ಇಷ್ಟಕ್ಕೇ ಯಂತ್ರ ಬಳಲದು, ನಿಜ. ಆದರೆ ಅಂಕಪಟ್ಟಿ, ವಿದ್ಯಾರ್ಥಿವೇತನದ ಪಟ್ಟಿ ಎಂದು ನಾಲ್ಕೈದನ್ನು ಜೋಡಿಸಿದಾಗ ತಪ್ಪಿನ ಮೇಲೆ ತಪ್ಪು ಬೆಳೆಯುತ್ತದೆ. ಕೆಲವರೇ ಇದ್ದಾರೆಂದು ನಂಬಿದ ಯಂತ್ರ, ಒಮ್ಮೆ ಓದಿ ಮುಗಿಸಬಹುದಾದ ಕಡತಕ್ಕೆ ಒಬ್ಬೊಬ್ಬರ ಹೆಸರು ಹಿಡಿದು ಸಾವಿರಾರು ಸಲ ಓಡಾಡುತ್ತದೆ. 2015ರಲ್ಲಿ ವಿಕ್ಟರ್ ಲೈಸ್ ಮತ್ತು ಸಂಗಡಿಗರು ಚಲನಚಿತ್ರಗಳ ಮಾಹಿತಿ ಭಂಡಾರದಲ್ಲಿ ಪರೀಕ್ಷಿಸಿದಾಗ ಅಂದಾಜು ಸಾವಿರ ಪಟ್ಟು ತಪ್ಪಿದ್ದೂ ಕಂಡುಬಂತು.

ಹಿಂದಿನ ಪ್ರಶ್ನೆಗಳು ತೆಗೆದುಕೊಂಡ ವೇಳೆಯನ್ನು ಯಂತ್ರಕ್ಕೆ ಕಲಿಸಿ ಭವಿಷ್ಯ ನುಡಿಸುವ ಪ್ರಯತ್ನಗಳೂ ನಡೆದಿವೆ. ಬೇಡವೆನ್ನಲಾರೆ. ಆದರೆ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ಪಟ್ಟಿಯನ್ನು ಬಲ್ಲವರು ಮೊದಲು ತಿಳಿಸಬೇಕೆಂಬುದು ನನ್ನ ಅಭಿಪ್ರಾಯ. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ತಂತ್ರಾಂಶದಲ್ಲಿ 2017ರಿಂದ ಇದಕ್ಕೆ ಅವಕಾಶವಿದೆ.

ಕನ್ನಡದಲ್ಲಿ ಓದಿದವರಿಗೆ ಗಣಕಯಂತ್ರದ ಕ್ಷೇತ್ರದಲ್ಲೇನು ಕೆಲಸ ಎಂದು ಕೆಲವು ಹೆತ್ತವರು ಕೇಳುತ್ತಾರೆ. ಅದೇ ತಂತ್ರಾಂಶದಲ್ಲಿ 'ಎಕ್ಸ್‌ಪ್ಲೇನ್ ಅನಲೈಸ್' ಎಂದು ಬರೆದು ಪ್ರಶ್ನೆ ಹಾಕಿದರೆ ಅಂದಾಜೂ ನಿಜವೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಆ 250 ಏಕೆ ತಪ್ಪಾಯಿತೆಂದು ಮಕ್ಕಳನ್ನೇ ಕೇಳಿ ನೋಡಲಿ.