ಟ್ರಿಗರ್ ಹಗುರವಾದಷ್ಟೂ ಗುರಿ ನಿಖರವಾಗುತ್ತದೆಯೇ?

ರೈಫಲ್ ಹಿಡಿದು ಗುರಿ ಅಭ್ಯಾಸ ಮಾಡುವವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಟ್ರಿಗರ್ ಎಷ್ಟು ಹಗುರವೋ ಗುಂಡು ಅಷ್ಟು ನೇರ ಎನ್ನುವುದೇ ಆ ನಂಬಿಕೆ. ಅಮೆರಿಕದಲ್ಲಿ ಇದರ ಮೇಲೆ ದೊಡ್ಡ ಮಾರುಕಟ್ಟೆಯೇ ನಿಂತಿದೆ. ಅಲ್ಲಿ ಕ್ರೀಡೆಗೂ ಬೇಟೆಗೂ ಬಳಸುವ ಎಆರ್-15 ಮಾದರಿಯ ಸೆಮಿ-ಆಟೋಮ್ಯಾಟಿಕ್ ರೈಫಲ್ ಕೊಂಡವರು, ಅದರೊಂದಿಗೆ ಬಂದ ಟ್ರಿಗರ್ ತೆಗೆದು ನೂರು, ಇನ್ನೂರು ಡಾಲರ್ ಕೊಟ್ಟು ಬೇರೆಯದನ್ನು ಹಾಕಿಸುವುದು ಮಾಮೂಲು. ಭಾರತದಲ್ಲಿ ಇಂಥ ರೈಫಲ್ ಸಾಮಾನ್ಯ ಲೈಸೆನ್ಸಿನ ಮೇಲೆ ಸಿಗುವ ವಸ್ತುವಲ್ಲ, ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಈ ಆಯ್ಕೆಯ ಪ್ರಶ್ನೆಯೇ ಎದುರಾಗುವುದಿಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಶೂಟಿಂಗ್ ರೇಂಜಿಗೆ ಹೋಗುವವರಿದ್ದಾರೆ, ಮತ್ತು ಈ ನಂಬಿಕೆಯ ಹಿಂದಿರುವ ಯಂತ್ರವಿಜ್ಞಾನ ಯಾರಿಗಾದರೂ ಕುತೂಹಲ ಹುಟ್ಟಿಸುವಂಥದ್ದು.

ನಂಬಿಕೆ ಪೂರ್ತಿ ಸುಳ್ಳೇನಲ್ಲ. ಅಡುಗೆಮನೆಯ ಗ್ಯಾಸ್ ಲೈಟರನ್ನು ನೆನಪಿಸಿಕೊಳ್ಳಿ. ಅದನ್ನು ಒತ್ತುತ್ತಾ ಹೋಗುತ್ತೇವೆ, ಸ್ಪ್ರಿಂಗ್ ಬಿಗಿಯಾಗುತ್ತಾ ಬರುತ್ತದೆ, ಯಾವುದೋ ಒಂದು ಕ್ಷಣದಲ್ಲಿ ಟಕ್ ಎಂದು ಬಿಡುಗಡೆಯಾಗುತ್ತದೆ. ಆ ಕ್ಷಣದಲ್ಲಿ ಲೈಟರಿನ ತುದಿಯನ್ನು ಗಮನಿಸಿದರೆ ಅದು ಸ್ವಲ್ಪ ಜಿಗಿಯುವುದು ಕಾಣುತ್ತದೆ. ಸ್ಟವ್ ಹೊತ್ತಿಸಲು ಅದರಿಂದ ತೊಂದರೆಯಿಲ್ಲ. ರೈಫಲ್ಲಿನಲ್ಲಿ ಹಾಗಲ್ಲ. ಸುಮಾರು ಒಂದು ಮೀಟರ್ ಉದ್ದದ ರೈಫಲ್ಲಿನ ಹಿಂಬದಿಯನ್ನು ಭುಜಕ್ಕೆ ಊರಿದ್ದೇವೆ ಎನ್ನಿ. ಮುಂದಿನ ತುದಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ.

ಈಗ ಎಳೆಯುವ ಬಲಕ್ಕೆ ಬರೋಣ. ಅಮೆರಿಕದ ಸೇನೆಯ ಎಂ-4 ರೈಫಲ್ಲಿನ ಟ್ರಿಗರ್‌ಗೆ ನಿಗದಿಯಾದ ಮಿತಿ 5.5ರಿಂದ 9.5 ಪೌಂಡ್, ಅಂದರೆ ಸುಮಾರು 2.5ರಿಂದ 4.3 ಕಿಲೋ. ಕ್ರೀಡಾ ರೈಫಲ್ಲುಗಳಲ್ಲಿ ಬರುವ ಸಾಧಾರಣ ಟ್ರಿಗರ್ ಇದೇ ವಿನ್ಯಾಸದ್ದು. ಎಂದರೆ ಮೂರು ಕಿಲೋ ತೂಗುವ ವಸ್ತುವನ್ನು ಅಲುಗಾಡದಂತೆ ಹಿಡಿದುಕೊಂಡು, ಅದೇ ವಸ್ತುವಿನ ಒಂದು ಭಾಗವನ್ನು ಒಂದೇ ಬೆರಳಿನಿಂದ ಹೆಚ್ಚುಕಡಿಮೆ ಅಷ್ಟೇ ಬಲ ಹಾಕಿ ಎಳೆಯಬೇಕು. ಬೆರಳು ನೇರ ಹಿಂದಕ್ಕೆ ಎಳೆಯದೆ ಸ್ವಲ್ಪ ಓರೆಯಾಗಿ ಎಳೆದರೆ ಆ ಬಲದ ಒಂದು ಪಾಲು ರೈಫಲ್ಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಬಲ ಕಡಿಮೆಯಾದರೆ ಈ ತಳ್ಳುವಿಕೆಯೂ ಕಡಿಮೆಯಾಗುತ್ತದೆ. ನಂಬಿಕೆಯ ನಿಜವಾದ ಅರ್ಧ ಇಷ್ಟೇ.

ಉಳಿದರ್ಧ ಅರ್ಥವಾಗಬೇಕಾದರೆ ಟ್ರಿಗರ್ ಒಳಗೆ ಏನಾಗುತ್ತದೆ ಎಂದು ನೋಡಬೇಕು. ಬಲವಾದ ಸ್ಪ್ರಿಂಗಿನ ಒತ್ತಡದಲ್ಲಿ ಪುಟ್ಟ ಸುತ್ತಿಗೆಯಂಥ ಭಾಗವೊಂದು ಹಿಂದಕ್ಕೆ ಬಾಗಿ ನಿಂತಿರುತ್ತದೆ. ಇದಕ್ಕೆ ಹ್ಯಾಮರ್ ಎನ್ನುತ್ತಾರೆ. ಅದು ಮುಂದೆ ಬಡಿಯದಂತೆ ಟ್ರಿಗರ್‌ನ ಚೂಪಾದ ಅಂಚೊಂದು ಅದರ ಕಚ್ಚಿಗೆ ಸಿಕ್ಕಿ ತಡೆದಿರುತ್ತದೆ. ಈ ಅಂಚಿಗೆ ಸಿಯರ್ ಎಂಬ ಹೆಸರು. ಬಾಗಿಲಿನ ಅಗುಳಿ ಚೌಕಟ್ಟಿಗೆ ಸಿಕ್ಕಿಕೊಂಡಂತೆ ಎನ್ನಬಹುದು. ನಾವು ಟ್ರಿಗರ್ ಎಳೆದಾಗ ಅಂಚು ಜಾರಿ ಕಚ್ಚಿನಿಂದ ಹೊರಬರುತ್ತದೆ, ಹ್ಯಾಮರ್ ಹೋಗಿ ಫೈರಿಂಗ್ ಪಿನ್ನಿಗೆ ಬಡಿಯುತ್ತದೆ, ಪಿನ್ ತೋಟಾದ ಹಿಂಬದಿಯ ಪ್ರೈಮರ್‌ಗೆ ಕುಟ್ಟುತ್ತದೆ.

ಟ್ರಿಗರ್ ಹೇಗಿದೆ ಎಂದು ಬೆರಳಿಗೆ ತಿಳಿಯುವುದು ಈ ಜಾರುವಿಕೆಯಿಂದ. ಅಂಚುಗಳು ಒರಟಾಗಿದ್ದರೆ ಮರಳಿನ ಮೇಲೆ ಪೆಟ್ಟಿಗೆ ಎಳೆದಂತೆ ತಡೆತಡೆದು ಸರಿಯುತ್ತದೆ. ಯಾವಾಗ ಬಿಡುಗಡೆಯಾಗುತ್ತದೆ ಎಂಬ ಅಂದಾಜು ಸಿಗುವುದಿಲ್ಲ. ಬಿಡುಗಡೆಯಾದ ಮೇಲೂ ಟ್ರಿಗರ್ ಹಿಂದಕ್ಕೆ ಬಹಳ ದೂರ ಹೋದರೆ ಬೆರಳು ಧಡಕ್ಕನೆ ಹೋಗಿ ಹಿಂದಿನ ತಡೆಗೆ ಬಡಿಯುತ್ತದೆ. ಗುಂಡು ಇನ್ನೂ ನಳಿಗೆಯಲ್ಲಿ ಇರುವಾಗಲೇ ರೈಫಲ್ ಅಲುಗುತ್ತದೆ. ಗುಣ ಎಂದರೆ ಇವು: ಸರಿಯುವುದು ನಯವಾಗಿದೆಯೇ, ಬಿಡುಗಡೆ ಪ್ರತಿಸಲವೂ ಒಂದೇ ಜಾಗದಲ್ಲಿ ಒಂದೇ ಬಲಕ್ಕೆ ಆಗುತ್ತದೆಯೇ, ಆಮೇಲೆ ಬೆರಳು ಎಷ್ಟು ದೂರ ಹೋಗುತ್ತದೆ. ಪೌಂಡಿನ ಲೆಕ್ಕ ಇವುಗಳಲ್ಲಿ ಯಾವುದನ್ನೂ ಹೇಳುವುದಿಲ್ಲ. ಎರಡು ಕಿಲೋದ ನಯವಾದ ಟ್ರಿಗರ್ ಒಂದೂವರೆ ಕಿಲೋದ ಒರಟು ಟ್ರಿಗರ್‌ಗಿಂತ ಹಗುರ ಅನ್ನಿಸುವುದೂ ಉಂಟು. ಬೆರಳಿಗೆ ತೂಕದ ಯಂತ್ರವಿಲ್ಲ.

ಹಾಗಾದರೆ ಹಗುರವೇ ಮೇಲು ಎಂಬ ಮಾತು ಎಲ್ಲಿಂದ ಬಂತು? ಬಹುಶಃ ಒಲಿಂಪಿಕ್ ಶೂಟಿಂಗ್ ನೋಡಿ. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕೆಂಬ ನಿಯಮವಿದೆ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ಲಿನಲ್ಲಿ ಅಂಥ ಕನಿಷ್ಠ ಮಿತಿಯೇ ಇಲ್ಲ. ಅಲ್ಲಿನ ಟ್ರಿಗರ್‌ಗಳು ಮುಟ್ಟಿದರೆ ಸಾಕು ಎನ್ನುವಷ್ಟು ಹಗುರ. ಆದರೆ ಆ ಬಂದೂಕು ಒಮ್ಮೆಗೆ ಒಂದೇ ಗುಂಡು ಹಾರಿಸುತ್ತದೆ, ನಿಂತ ಜಾಗ ಬಿಟ್ಟು ಕದಲುವುದಿಲ್ಲ, ಗುರಿಯತ್ತ ಮುಖ ಮಾಡಿದ ಮೇಲೆಯೇ ತುಂಬಲಾಗುತ್ತದೆ. ಒಳಗೆ ರಭಸದಿಂದ ಓಡಾಡುವ ಭಾರದ ಲೋಹವೂ ಇಲ್ಲ. ಆ ಟ್ರಿಗರ್‌ನ ಆಸೆಯನ್ನು ಸೆಮಿ-ಆಟೋಮ್ಯಾಟಿಕ್ ರೈಫಲ್ಲಿಗೆ ತಂದರೆ ಲೆಕ್ಕ ತಪ್ಪುತ್ತದೆ.

ಒಳಗೆ ಬಡಿತ, ಹೊರಗೆ ಹಗುರ

ಸೆಮಿ-ಆಟೋಮ್ಯಾಟಿಕ್ ರೈಫಲ್ಲಿನಲ್ಲಿ ಪ್ರತಿ ಗುಂಡಿನ ನಂತರ ಬೋಲ್ಟ್ ಎಂಬ ಭಾರವಾದ ಲೋಹದ ಭಾಗ ಹಿಂದಕ್ಕೆ ಹಾರಿ, ಖಾಲಿ ತೋಟಾ ಹೊರಗೆಸೆದು, ಹ್ಯಾಮರನ್ನು ಮತ್ತೆ ಬಗ್ಗಿಸಿ, ಹೊಸ ತೋಟಾ ತಳ್ಳಿಕೊಂಡು ಮುಂದೆ ಬಂದು ಬಡಿಯುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಆಗಿನ್ನೂ ನಮ್ಮ ಬೆರಳು ಟ್ರಿಗರನ್ನು ಹಿಂದೆಯೇ ಹಿಡಿದಿರುತ್ತದೆ. ಹಾಗಾಗಿ ಡಿಸ್ಕನೆಕ್ಟರ್ ಎಂಬ ಇನ್ನೊಂದು ಕೊಕ್ಕೆ ಹ್ಯಾಮರನ್ನು ತಾತ್ಕಾಲಿಕವಾಗಿ ಹಿಡಿದುಕೊಳ್ಳುತ್ತದೆ. ಬೆರಳು ಸಡಿಲಿಸಿದಾಗ ಅದು ಹ್ಯಾಮರನ್ನು ಸಿಯರ್‌ಗೆ ಒಪ್ಪಿಸುತ್ತದೆ. ಈ ಕೈಬದಲು ಕೂದಲೆಳೆಯಷ್ಟು ಅಂತರದಲ್ಲಿ ನಡೆಯುವ ಕೆಲಸ. ಬೋಲ್ಟಿನ ಬಡಿತವನ್ನು ಪ್ರತಿಸಲವೂ ತಡೆದು ನಿಲ್ಲಬೇಕಾದದ್ದು ಇದೇ ಕೊಕ್ಕೆಗಳು.

ಟ್ರಿಗರನ್ನು ಹಗುರ ಮಾಡಲು ಅಗ್ಗದ ದಾರಿಯೆಂದರೆ ಸಿಯರ್ ಕಚ್ಚಿಗೆ ಸಿಕ್ಕಿರುವ ಆಳವನ್ನು ಕಡಿಮೆ ಮಾಡುವುದು. ಅಗುಳಿಯ ತುದಿ ಮಾತ್ರ ಚೌಕಟ್ಟಿಗೆ ತಾಗಿದ್ದರೆ ಬಾಗಿಲು ಸಲೀಸಾಗಿ ತೆರೆಯುತ್ತದೆ, ಗಾಳಿ ಬೀಸಿದರೂ ತೆರೆಯುತ್ತದೆ. ರೈಫಲ್ ಕೈಜಾರಿ ಬಿದ್ದಾಗ, ಜೀಪಿನ ಬಾಗಿಲಿಗೆ ತಗುಲಿದಾಗ, ಕೊಳೆ ಸೇರಿದಾಗ ಅದು ಜಾರದೆ ನಿಲ್ಲುತ್ತದೆಯೇ ಎಂಬುದು ಆ ಆಳದ ಮೇಲೆ ನಿಂತಿದೆ. ಅಮೆರಿಕದ ತಯಾರಕರ ಸ್ವಯಂಪ್ರೇರಿತ ಮಾನದಂಡದಲ್ಲಿ, ಬಂದೂಕನ್ನು 12 ಇಂಚು ಎತ್ತರದಿಂದ ರಬ್ಬರ್ ಹಾಸಿನ ಮೇಲೆ ಬೀಳಿಸಿ ನೋಡುವ ಪರೀಕ್ಷೆಯಿದೆ. ಕಾರ್ಖಾನೆಯ ಟ್ರಿಗರ್ ತೆಗೆದು ಬೇರೆಯದು ಹಾಕಿದ ದಿನದಿಂದ ನಿಮ್ಮ ರೈಫಲ್ ಆ ಪರೀಕ್ಷೆಗೆ ಒಳಗಾದ ರೈಫಲ್ ಅಲ್ಲ.

ಇದರಲ್ಲಿ ಏನು ಪಣಕ್ಕಿದೆ ಎಂದು ತಿಳಿಯಲು ರೆಮಿಂಗ್ಟನ್ 700ರ ಕತೆ ಸಾಕು. ಅದು ಸೆಮಿ-ಆಟೋಮ್ಯಾಟಿಕ್ ಅಲ್ಲ, ಕೈಯಲ್ಲೇ ಬೋಲ್ಟ್ ಎಳೆಯುವ ಬೇಟೆ ರೈಫಲ್. ಟ್ರಿಗರ್ ಹೊರಗಿನಿಂದ ಕೊಂಡದ್ದೂ ಅಲ್ಲ, ಕಾರ್ಖಾನೆಯದ್ದೇ. 1940ರ ದಶಕದಲ್ಲಿ ಮೈಕ್ ವಾಕರ್ ರೂಪಿಸಿದ ಆ ಟ್ರಿಗರ್‌ನ ಚುರುಕು ಬಿಡುಗಡೆಯನ್ನು ಗುರಿಕಾರರು ದಶಕಗಳ ಕಾಲ ಹೊಗಳಿದರು. ಟ್ರಿಗರ್‌ಗೂ ಸಿಯರ್‌ಗೂ ನಡುವೆ ಬಿಡಿಯಾಗಿ ಕೂತ ಒಂದು ಲೋಹದ ತುಂಡು ಅದರ ವಿಶೇಷ. ನಡುವೆ ಕಸ, ಗಟ್ಟಿಯಾದ ಎಣ್ಣೆ ಸೇರಿದರೆ ಆ ತುಂಡು ಪೂರ್ತಿ ಹಿಂದಿರುಗದೆ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು ಎಂಬುದು ದಾವೆ ಹೂಡಿದವರ ವಾದ. 2000ದಲ್ಲಿ ಮೊಂಟಾನಾ ರಾಜ್ಯದಲ್ಲಿ ಬೇಟೆ ಮುಗಿಸಿ ರೈಫಲ್ ಖಾಲಿ ಮಾಡಲೆಂದು ತಾಯಿ ಸೇಫ್ಟಿ ಸರಿಸಿದಾಗ ಗುಂಡು ಹಾರಿ ಒಂಬತ್ತು ವರ್ಷದ ಮಗ ಸತ್ತ. ಕಂಪನಿ ದೋಷವನ್ನು ಒಪ್ಪಲಿಲ್ಲ. ಆದರೂ ಸುಮಾರು 75 ಲಕ್ಷ ಬಂದೂಕುಗಳಿಗೆ ಅನ್ವಯಿಸುವ ರಾಜಿ ಒಪ್ಪಂದಕ್ಕೆ 2017ರಲ್ಲಿ ನ್ಯಾಯಾಲಯದ ಒಪ್ಪಿಗೆ ಬಿತ್ತು. ಅದಕ್ಕೂ ಮೊದಲು 2014ರಲ್ಲಿ, ಹಳೆಯದರ ಜಾಗಕ್ಕೆ ಬಂದ ಹೊಸ ಟ್ರಿಗರನ್ನೂ ಕಂಪನಿ ವಾಪಸು ಕರೆಯಬೇಕಾಯಿತು. ಜೋಡಿಸುವಾಗ ಹಚ್ಚಿದ ಅಂಟು ಹೆಚ್ಚಾಗಿದ್ದದ್ದು ಅದಕ್ಕೆ ಕಾರಣ. ಇಷ್ಟು ದೊಡ್ಡ ಕಾರ್ಖಾನೆಗೆ ಒಂದು ಹನಿ ಅಂಟು ಕಾಣದೆ ಹೋಗಿರುವಾಗ, ಮನೆಯ ಮೇಜಿನ ಮೇಲೆ ಅರ ಹಿಡಿದು ಕೂತವರಿಗೆ ಏನು ಕಂಡೀತು?

ಎರಡು ಹಂತದ ಉಪಾಯ

ಹಗುರವೂ ಇರಬೇಕು, ಕೊಕ್ಕೆಯ ಆಳವೂ ಇರಬೇಕು ಎನ್ನುವವರಿಗೆ ಹಳೆಯ ಉಪಾಯವೊಂದಿದೆ. ಸೈಕಲ್ಲಿನ ಬ್ರೇಕ್ ಹಿಡಿಯುವಾಗ ಮೊದಲು ಲಿವರ್ ಸ್ವಲ್ಪ ದೂರ ಸಲೀಸಾಗಿ ಬರುತ್ತದೆ, ರಬ್ಬರ್ ಚಕ್ರಕ್ಕೆ ತಾಗಿದ ಕೂಡಲೇ ಕೈಗೆ ಗೋಡೆ ಸಿಕ್ಕಂತಾಗುತ್ತದೆ. ಎರಡು ಹಂತದ ಟ್ರಿಗರ್ ಹೀಗೆಯೇ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ .303 ಹಿಡಿದಿದ್ದ ಹಿರಿಯರಿಗೆ ಈ ಅನುಭವ ನೆನಪಿರಬಹುದು: ಮೊದಲೊಂದು ಸಡಿಲ ಎಳೆತ, ಆಮೇಲೆ ಒಂದು ತಡೆ, ತಡೆ ದಾಟಿದರೆ ಗುಂಡು. ಸುಮ್ಮನಿದ್ದಾಗ ಸಿಯರ್ ಆಳವಾಗಿ ಕಚ್ಚಿರುತ್ತದೆ. ಮೊದಲ ಹಂತದ ಎಳೆತ ಆ ಆಳದ ಹೆಚ್ಚಿನ ಪಾಲನ್ನು ಕಳೆಯುತ್ತದೆ, ತಡೆಯ ಬಳಿ ನಿಂತಾಗ ಉಳಿಯುವುದು ಸ್ವಲ್ಪವೇ. ಅಂದರೆ ಆಳ ಕಡಿಮೆಯಾಗುವುದು ಬೆರಳು ಟ್ರಿಗರ್ ಮೇಲಿದ್ದು, ಹಾರಿಸುವ ಮನಸ್ಸಿದ್ದಾಗ ಮಾತ್ರ.

ಎಆರ್-15ಗೆ ಸಿಗುವ ಗೈಸ್ಲಿ ಕಂಪನಿಯ ಎಸ್‌ಎಸ್‌ಎ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಒಟ್ಟು 4.5 ಪೌಂಡಿನ ಎಳೆತ, ಮೊದಲ ಹಂತಕ್ಕೆ 2.5, ಎರಡನೆಯದಕ್ಕೆ 2 ಎಂದು ಹಂಚಿಹೋಗಿದೆ. ತಡೆ ಸಿಕ್ಕ ಮೇಲೆ ಬಿಡುಗಡೆಗೆ ಬೆರಳು ಹೆಚ್ಚುವರಿಯಾಗಿ ಹಾಕಬೇಕಾದದ್ದು ಆ ಎರಡು ಪೌಂಡ್ ಮಾತ್ರ. ಅಮೆರಿಕದ ಸರ್ವಿಸ್ ರೈಫಲ್ ಸ್ಪರ್ಧೆಗಳ ಕನಿಷ್ಠ ಮಿತಿಯೂ 4.5 ಪೌಂಡ್ ಎಂಬುದು ಕಾಕತಾಳೀಯವಲ್ಲ. ಬರೀ ಗುರಿ ಅಭ್ಯಾಸವಿರಲಿ, ಸ್ಪರ್ಧೆ, ಬೇಟೆ ಇರಲಿ, ಮೊದಲ ಬಾರಿಗೆ ಬದಲಿಸುವವರಿಗೆ ನಾವು ಹೇಳುವುದು ಈ ಬಗೆಯದ್ದನ್ನೇ. ಮೂರು ಪೌಂಡಿನ ಒಂದೇ ಹಂತದ ಟ್ರಿಗರ್ ಬೆಂಚಿನ ಮೇಲೆ ಊರಿ ಹೊಡೆಯುವ ನುರಿತವರಿಗೆ ಸರಿ. ಚಳಿಗಾಲದಲ್ಲಿ ದಪ್ಪ ಕೈಗವಸು ತೊಟ್ಟು ಕಾಡಿನಲ್ಲಿ ನಡೆಯುವವರಿಗೆ ಖಂಡಿತ ಅಲ್ಲ.

ಅಡ್ಡದಾರಿಗಳ ಬಗ್ಗೆಯೂ ಹೇಳಬೇಕು. ಕೆಲವರು ಟ್ರಿಗರ್ ಬದಲಿಸದೆ ಹ್ಯಾಮರ್ ಸ್ಪ್ರಿಂಗನ್ನಷ್ಟೇ ಮೆತ್ತಗಿನದಕ್ಕೆ ಬದಲಿಸುತ್ತಾರೆ. ಎಳೆತ ಹಗುರವಾಗುತ್ತದೆ ನಿಜ, ಆದರೆ ಹ್ಯಾಮರ್‌ನ ಪೆಟ್ಟೂ ಮೆತ್ತಗಾಗುತ್ತದೆ. ಎಆರ್-15ರ ಫೈರಿಂಗ್ ಪಿನ್ ಸ್ಪ್ರಿಂಗ್ ಇಲ್ಲದೆ ಸಡಿಲವಾಗಿ ಕೂತಿರುವಂಥದ್ದು. ತೋಟಾ ಒಳಸೇರುವಾಗಲೇ ಅದು ಪ್ರೈಮರ್‌ಗೆ ಮೆಲ್ಲಗೆ ತಾಗಿ ಚಿಕ್ಕ ಗುಳಿ ಮೂಡಿಸುತ್ತದೆ. ಆ ಸ್ಪರ್ಶಕ್ಕೇ ಸಿಡಿಯಬಾರದೆಂದು ಸೇನಾ ತೋಟಾಗಳ ಪ್ರೈಮರನ್ನು ಗಟ್ಟಿಯಾಗಿ ಮಾಡುತ್ತಾರೆ. ಮೆತ್ತಗಿನ ಪೆಟ್ಟು, ಗಟ್ಟಿ ಪ್ರೈಮರ್ ಎರಡೂ ಸೇರಿದರೆ ಕೆಲವೊಮ್ಮೆ ಗುಂಡು ಹಾರುವುದೇ ಇಲ್ಲ. ಇನ್ನು ಅಂಚುಗಳನ್ನು ಅರದಿಂದ ಉಜ್ಜಿ ನಯ ಮಾಡುವುದು ಇದಕ್ಕಿಂತ ಕೆಟ್ಟದ್ದು. ಈ ಭಾಗಗಳಲ್ಲಿ ಗಡಸು ಇರುವುದು ಮೇಲಿನ ತೆಳುವಾದ ಪದರದಲ್ಲಿ ಮಾತ್ರ. ಅದು ಉಜ್ಜಿಹೋದರೆ ಒಳಗಿನ ಮೆತ್ತನೆಯ ಲೋಹ ಬೇಗ ಸವೆದು ಕೊಕ್ಕೆ ಜಾರತೊಡಗುತ್ತದೆ. ತಿರುಪಿನಿಂದ ಆಳ ಹೊಂದಿಸುವ ಟ್ರಿಗರ್‌ಗಳಲ್ಲಿ ಅದುರುವಿಕೆಗೆ ತಿರುಪು ಸಡಿಲವಾಗಬಹುದು. ತಯಾರಕರು ಹೇಳಿದ ಅಂಟನ್ನು ಹಚ್ಚದೆ ಬಿಡಬಾರದು.

ಕೊಳ್ಳುವ ಮುನ್ನ ಪಿನ್ನಿನ ಅಳತೆ ನೋಡಿಕೊಳ್ಳಿ. ಸಾಮಾನ್ಯ ಎಆರ್-15ರಲ್ಲಿ ಟ್ರಿಗರ್, ಹ್ಯಾಮರ್ ಪಿನ್ನುಗಳು 0.154 ಇಂಚು ದಪ್ಪ. ಹಳೆಯ ಕೆಲವು ಕೋಲ್ಟ್ ರೈಫಲ್ಲುಗಳಲ್ಲಿ ಅವು 0.170 ಇಂಚು. ಬೇಗ ಬೇಗ ಗುಂಡು ಹಾರಿಸಲೆಂದೇ ಮಾಡಿದ ಟ್ರಿಗರ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳಿಗೂ ನಿಖರತೆಗೂ ಸಂಬಂಧವಿಲ್ಲ, ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ, ಆ ಸಹವಾಸ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಅನುಮಾನ ಉಳಿಯುತ್ತದೆ. ಗುಂಡು ತಪ್ಪುತ್ತಿರುವುದು ಟ್ರಿಗರ್‌ನಿಂದಲೇ? ಸದ್ದು, ಒದೆತಗಳನ್ನು ನಿರೀಕ್ಷಿಸಿ ಮೈ ಮೊದಲೇ ಬಿಗಿಯುವುದು, ಕಣ್ಣು ಮುಚ್ಚುವುದು ಹೊಸಬರಿಗೂ ಹಳಬರಿಗೂ ಇರುವ ಚಾಳಿ. ಇದನ್ನು ಕಂಡುಹಿಡಿಯಲು ಖರ್ಚಿಲ್ಲ. ರೇಂಜಿನಲ್ಲಿ ಜೊತೆಗಾರರೊಬ್ಬರಿಗೆ ಹೇಳಿ, ನಿಮಗೆ ಗೊತ್ತಾಗದಂತೆ ನಿಜವಾದ ತೋಟಾಗಳ ನಡುವೆ ಒಂದೆರಡು ನಕಲಿ ತೋಟಾ ಸೇರಿಸಿ ತುಂಬಿಸಿಕೊಳ್ಳಿ. ನಕಲಿ ಬಂದಾಗ ಗುಂಡು ಹಾರುವುದಿಲ್ಲ, ಆದರೂ ರೈಫಲ್ಲಿನ ಮೂತಿ ಕೆಳಗೆ ಕುಸಿದರೆ ತಪ್ಪು ಯಾರದ್ದೆಂದು ಅಲ್ಲೇ ಗೊತ್ತಾಗುತ್ತದೆ. ಆ ಚಾಳಿಯಿರುವವರ ಕೈಗೆ ಎರಡು ಪೌಂಡಿನ ಟ್ರಿಗರ್ ಕೊಟ್ಟರೂ ಗುಂಡು ಅಲ್ಲಿಯೇ ಹೋಗುತ್ತದೆ. ಆ ಹಣದಲ್ಲಿ ತೋಟಾ ಕೊಂಡು ಅಭ್ಯಾಸ ಮಾಡುವುದು ಲೇಸು.

ಆದರೂ ಬದಲಿಸಿದಿರಾ? ಅನುಭವವಿಲ್ಲದಿದ್ದರೆ ಬಂದೂಕು ರಿಪೇರಿಯವರಿಂದಲೇ ಹಾಕಿಸಿ. ಆಮೇಲೆ ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ರೈಫಲ್ ಖಾಲಿಯೆಂದು ಎರಡು ಸಲ ಕಣ್ಣಾರೆ ನೋಡಿ, ಸುರಕ್ಷಿತ ದಿಕ್ಕಿಗೆ ಹಿಡಿದು ಪರೀಕ್ಷಿಸಿ. ಸೇಫ್ಟಿ ಹಾಕಿ ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು. ಬೆರಳು ಬಿಟ್ಟು ಸೇಫ್ಟಿ ತೆಗೆದಾಗಲೂ ಬೀಳಬಾರದು. ಈಗ ಎಳೆದರೆ ಬೀಳಬೇಕು. ಎಳೆದ ಟ್ರಿಗರನ್ನು ಹಾಗೆಯೇ ಹಿಡಿದುಕೊಂಡು ಬೋಲ್ಟನ್ನು ಎಳೆದುಬಿಡಿ, ಆಮೇಲೆ ಬೆರಳನ್ನು ನಿಧಾನ ಸಡಿಲಿಸಿ. ಸಣ್ಣದೊಂದು ಕ್ಲಿಕ್ ಕೇಳಬೇಕು, ಹ್ಯಾಮರ್ ನಿಂತೇ ಇರಬೇಕು. ಇದನ್ನು ಹತ್ತಿಪ್ಪತ್ತು ಸಲ ಮಾಡಿ. ಒಮ್ಮೆ ತಪ್ಪಿದರೂ ರೇಂಜಿಗೆ ಒಯ್ಯಬೇಡಿ. ಎಲ್ಲ ಸರಿಯಿದ್ದರೆ ರೇಂಜಿನಲ್ಲಿ ಮೊದಲು ಒಂದೇ ತೋಟಾ ತುಂಬಿ ಹಾರಿಸಿ, ಆಮೇಲೆ ಎರಡು. ಒಂದೇ ಎಳೆತಕ್ಕೆ ಎರಡೂ ಹಾರಿದರೆ ಅಲ್ಲಿಗೇ ನಿಲ್ಲಿಸಿ, ಹಳೆಯ ಟ್ರಿಗರನ್ನು ಮತ್ತೆ ಹಾಕಿಸಿ.