ಅಂಗೈಯ ಪರದೆಯಲ್ಲಿ ನಮ್ಮ ಮಕ್ಕಳು ಹುಡುಕುತ್ತಿರುವುದೇನು?

ಸಂಜೆಯ ಹೊತ್ತು ಅಂಕಲಗಿಯ ಯಾವುದಾದರೊಂದು ಚಹಾದಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಬೇಕು. ಒಂದೇ ಬಾಕಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತ ನಾಲ್ವರು ತರುಣರು, ನಾಲ್ಕು ಮೊಬೈಲುಗಳು. ಹೆಬ್ಬೆರಳು ಪರದೆಯನ್ನು ಮೇಲಕ್ಕೆ ಸರಿಸುತ್ತಲೇ ಇರುತ್ತದೆ. ನಡುವೆ ಒಬ್ಬನು ನಕ್ಕು, ಫೋನನ್ನು ಪಕ್ಕದವನ ಕಡೆಗೆ ತಿರುಗಿಸುತ್ತಾನೆ, ಇಬ್ಬರೂ ನಗುತ್ತಾರೆ, ಮತ್ತೆ ಮೌನ. ದಾರಿಯಲ್ಲಿ ಹೋಗುವ ಹಿರಿಯರು "ಈ ಮೊಬೈಲ್ ಬಂದು ಹುಡುಗರೆಲ್ಲ ಕೆಟ್ಟು ಹ್ವಾದರು" ಎಂದು ಗೊಣಗುತ್ತ ಮುಂದೆ ಸಾಗುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಇದೇ ನೋಟ, ಇದೇ ಮಾತು. ಶ್ರೀಮಠಗಳಿಗೆ ಬರುವ ತಾಯಂದಿರ ಅಳಲಿನಲ್ಲಿಯೂ ಈಗ ಇದಕ್ಕೆ ದೊಡ್ಡ ಪಾಲಿದೆ. ಮಗನ ಕೈಯಿಂದ ಅದನ್ನು ಬಿಡಿಸುವ ಬಗೆ ಹೇಗೆಂದು ಎಲ್ಲರೂ ಕೇಳುತ್ತಾರೆ. ಅವನು ಅದರೊಳಗೆ ಏನನ್ನು ಹುಡುಕುತ್ತಿದ್ದಾನೆ ಎಂದು ಕೇಳುವವರು ವಿರಳ.

ಬಿಡಿಸುವ ಪ್ರಯತ್ನವನ್ನು ದೇಶವೇ ಒಮ್ಮೆ ಮಾಡಿ ನೋಡಿದೆ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಟಿಕ್‌ಟಾಕ್ ಮೇಲೆ ನಿರ್ಬಂಧ ವಿಧಿಸಿತು. ಕೆಲವೇ ವಾರಗಳಲ್ಲಿ ಅದು ತೆರವಾಯಿತು. ಮುಂದೆ ಗಾಲ್ವಾನ್ ಕಣಿವೆಯ ಸಂಘರ್ಷದ ಬಳಿಕ, 2020ರ ಜೂನ್ 29ರಂದು, ಕೇಂದ್ರ ಸರ್ಕಾರವು 59 ಚೀನಾ ಮೂಲದ ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಭಾರತದಿಂದ ಹೊರನಡೆಯಿತು. ಅದಕ್ಕೆ ದೇಶದಲ್ಲಿ ಸುಮಾರು 20 ಕೋಟಿ ಬಳಕೆದಾರರಿದ್ದರೆಂದು ಆಗ ವರದಿಯಾಗಿತ್ತು. ಇಷ್ಟೊಂದು ಜನರ ಚಟವೊಂದು ಒಂದೇ ರಾತ್ರಿಯಲ್ಲಿ ನಿಂತಿರಬೇಕೆಂದು ಯಾರಾದರೂ ಭಾವಿಸಬಹುದು. ಆದದ್ದೇನು? ಜುಲೈ ತಿಂಗಳಲ್ಲಿಯೇ ಇನ್‌ಸ್ಟಾಗ್ರಾಮ್ ತನ್ನ ರೀಲ್ಸ್ ಸೌಲಭ್ಯವನ್ನು ಭಾರತದಲ್ಲಿ ತೆರೆಯಿತು. ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆಯು ಮೋಜ್ ಎಂಬ ಆ್ಯಪನ್ನು ಹೊರತಂದಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಪ್ರಯೋಗವನ್ನು ಜಗತ್ತಿನಲ್ಲಿಯೇ ಮೊದಲು ಭಾರತದಲ್ಲಿ ಆರಂಭಿಸಿತು. ಅಂಗಡಿಯ ಫಲಕ ಬದಲಾಯಿತು, ಗಿರಾಕಿಗಳು ಅವರೇ ಉಳಿದರು. ಆಕರ್ಷಣೆಯು ಒಂದು ಆ್ಯಪಿನ ಹೆಸರಿನಲ್ಲಿ ಇದ್ದಿದ್ದರೆ ಅದು ಆ ಹೆಸರಿನೊಂದಿಗೇ ಹೋಗಬೇಕಿತ್ತು.

ಈ ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟವರು ಯಾರು ಎಂಬುದನ್ನೂ ಮರೆಯಬಾರದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಅಂತರ್ಜಾಲದ ಬೆಲೆ ಕುಸಿದು, ಹಳ್ಳಿಯ ಮನೆಗೂ ವಿಡಿಯೊ ಎಂಬುದು ನೀರಿನಂತೆ ಹರಿಯತೊಡಗಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದವು. ಪಾಠವು ಮೊಬೈಲಿಗೆ ಬಂದಿತು. ಕೂಲಿ ಮಾಡುವವರು, ಸಣ್ಣ ಹಿಡುವಳಿಯ ರೈತರು ಸಾಲ ಮಾಡಿ ಮಕ್ಕಳಿಗೆ ಫೋನು ಕೊಡಿಸಿದರು. ಅದು ವಿದ್ಯೆಯ ಹೆಸರಿನಲ್ಲಿ ಮನೆ ಹೊಕ್ಕಿತು. ಶಾಲೆ ಮತ್ತೆ ತೆರೆಯಿತು. ಫೋನು ಮಾತ್ರ ಹುಡುಗನ ದಿಂಬಿನ ಕೆಳಗೇ ಉಳಿಯಿತು.

ಇನ್ನು ಸೆಳೆತದ ಮಾತು. ಫೇಸ್‌ಬುಕ್ ಬಂದ ಕಾಲದಲ್ಲಿ ಅಲ್ಲಿ ಪ್ರಕಾಶಿಸಲು ಪರಿಚಿತರ ಬಳಗ ಬೇಕಿತ್ತು, ಬರೆಯಲು ಬರಬೇಕಿತ್ತು, ನಾಲ್ಕಕ್ಷರ ಇಂಗ್ಲಿಷ್ ಇದ್ದರೆ ಮರ್ಯಾದೆ ಹೆಚ್ಚುತ್ತಿತ್ತು. ಟಿಕ್‌ಟಾಕ್ ಈ ಕ್ರಮವನ್ನು ತಿರುಗಿಸಿತು. ಅದು ನಿಮ್ಮ ಗೆಳೆಯರು ಯಾರೆಂದು ಕೇಳದೆ, ನೀವು ಏನನ್ನು ಎಷ್ಟು ಹೊತ್ತು ನೋಡಿದಿರಿ ಎಂಬುದನ್ನು ಲೆಕ್ಕವಿಟ್ಟಿತು. ಯಾರೂ ಅರಿಯದ ಹೊಸಬನ ವಿಡಿಯೊವನ್ನೂ ಮೊದಲು ಕೆಲವರ ಮುಂದಿಟ್ಟು, ಅವರು ಕೊನೆಯವರೆಗೆ ನೋಡಿದರೆ ಇನ್ನಷ್ಟು ಜನರ ಮುಂದಿಡುವ ಏರ್ಪಾಡು ಅದು. ಇಂದಿನ ರೀಲ್ಸ್, ಶಾರ್ಟ್ಸ್‌ಗಳೂ ಇದೇ ದಾರಿಯಲ್ಲಿವೆ. ಕಬ್ಬು ಕಡಿಯುವವನ ಮಗ, ಜಾತಿಯ ಕಾರಣಕ್ಕೆ ಊರಿನ ಯಾವ ವೇದಿಕೆಯನ್ನೂ ಹತ್ತದಿದ್ದ ಮನೆತನದ ಹುಡುಗ, ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾದವನು, ಎಲ್ಲರಿಗೂ ಇಲ್ಲಿ ಪ್ರವೇಶ ಉಂಟು. ಪರಿಚಯಪತ್ರ ಬೇಕಿಲ್ಲ, ಶಿಫಾರಸು ಬೇಕಿಲ್ಲ. ಇದನ್ನು ಸಣ್ಣ ಸಂಗತಿ ಎನ್ನಲಾಗದು.

ಭಾಷೆಯದೂ ಒಂದು ಕಾರಣವಿದೆ. ನಮ್ಮ ಭಾಗದ ಮಾತನ್ನು ಬೆಂಗಳೂರಿನ ಸಿನಿಮಾಗಳು ಬಹುಕಾಲ ನಗೆಪಾತ್ರಗಳಿಗೇ ಮೀಸಲಿಟ್ಟಿದ್ದವು. ಈಗ ಅದೇ ಜವಾರಿ ಮಾತಿನ ಕಿರುಹಾಸ್ಯ, ಜಾನಪದ ಶೈಲಿಯ ಹಾಡುಗಳು ಲಕ್ಷಾಂತರ ಜನರನ್ನು ತಲುಪುತ್ತಿವೆ. ರಾಯಬಾಗ ತಾಲ್ಲೂಕಿನ ನಿಪನಾಳದ ಗಾಯಕ ಮಾಳು ನಿಪನಾಳ ಅವರು ಯೂಟ್ಯೂಬಿನ ಹಾಡುಗಳಿಂದ ಹೆಸರಾಗಿ, 2025ರಲ್ಲಿ ಬಿಗ್ ಬಾಸ್ ಕನ್ನಡದ 12ನೆಯ ಆವೃತ್ತಿಯನ್ನು ಪ್ರವೇಶಿಸಿದಾಗ, ಒಂದು ಹಳ್ಳಿಯ ಹೆಸರೂ ಅವರ ಹೆಸರಿನೊಂದಿಗೆ ನಾಡಿನುದ್ದಕ್ಕೂ ಹೋಯಿತು. ಆ ಹಾಡುಗಳ ಸಾಹಿತ್ಯದ ಬಗ್ಗೆ ಹಿರಿಯರಿಗೆ ತಕರಾರಿರಬಹುದು. ನನಗೂ ಕೆಲವು ಹಾಡುಗಳು ರುಚಿಸುವುದಿಲ್ಲ. ಆದರೆ "ನಮ್ಮಂಥವನೂ ಅಲ್ಲಿಗೆ ಹೋಗಬಲ್ಲ" ಎಂದು ಹದಿನೆಂಟರ ಹುಡುಗನಿಗೆ ಅನಿಸಿದ ಆ ಕ್ಷಣದ ಬೆಲೆಯನ್ನು ಅಲ್ಲಗಳೆಯಲಾಗದು.

ಈ ನೆಲಕ್ಕೆ ವೇದಿಕೆ ಹೊಸದೇನಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವು ಹುಟ್ಟಿದ್ದು ಇಲ್ಲಿ. ಅದನ್ನು ಊರೂರಿಗೆ ಒಯ್ದು ಕೀರ್ತಿ ಪಡೆದ ಕೌಜಲಗಿ ನಿಂಗಮ್ಮ ಇಲ್ಲಿಯವರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಂಥದೇ ಹಾಡು-ಆಟಗಳ ಸತ್ವವನ್ನು ಬರಹಕ್ಕೆ ತಂದು 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿಯವರೆಗೆ ನಡೆದರು. ರಾತ್ರಿಯಿಡೀ ನಡೆಯುವ ಆಟ, ಭಜನಾಮೇಳ, ಡೊಳ್ಳಿನ ಹಾಡು, ಗರಡಿಮನೆ ಇವೆಲ್ಲವೂ ತರುಣನೊಬ್ಬನನ್ನು ಊರು ಕಣ್ಣೆತ್ತಿ ನೋಡುವಂತೆ ಮಾಡುತ್ತಿದ್ದ ಸ್ಥಳಗಳಾಗಿದ್ದವು. ಕುಸ್ತಿಯಲ್ಲಿ ಗೆದ್ದವನ ಬೆನ್ನನ್ನು ಊರಿನ ಗೌಡರೇ ತಟ್ಟುತ್ತಿದ್ದರು. ಇಂದು ಎಷ್ಟು ಊರುಗಳ ಗರಡಿಮನೆಯಲ್ಲಿ ಮಣ್ಣು ಹದವಾಗಿದೆ? ಎಷ್ಟು ಜಾತ್ರೆಗಳಲ್ಲಿ ಊರ ಹುಡುಗರೇ ಬಣ್ಣ ಹಚ್ಚುತ್ತಾರೆ? ಹೊರಗಿನಿಂದ ಆರ್ಕೆಸ್ಟ್ರಾ ತರಿಸಿ, ಹುಡುಗರನ್ನು ಕುರ್ಚಿ ಹಾಕುವುದಕ್ಕೂ ಪೆಂಡಾಲು ಕಟ್ಟುವುದಕ್ಕೂ ಕರೆಯುವ ಊರುಗಳೇ ಹೆಚ್ಚು. ನಾವು ತೆರವು ಮಾಡಿದ ಜಾಗದಲ್ಲಿ ಆ್ಯಪು ಬಂದು ಕುಳಿತಿದೆ.

ಹೇಳಲು ಕಸಿವಿಸಿಯಾದರೂ ಹೇಳಲೇಬೇಕಾದ ಮತ್ತೊಂದು ಮಾತಿದೆ. ಒಕ್ಕಲುತನ ಮಾಡುವ ಹುಡುಗನಿಗೆ ಕನ್ಯೆ ಕೊಡುವವರಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು; ಇತ್ತ ನಮ್ಮ ತಾಲ್ಲೂಕುಗಳಲ್ಲಿ ಅದೇ ಸಂಕಟ ಸದ್ದಿಲ್ಲದೆ ಮನೆಮನೆಯಲ್ಲಿದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಬಣ್ಣ, ಹೂವು, ಸ್ಪೀಕರು ಹಚ್ಚಿ ಹಾಡು ಹಾಕಿಕೊಂಡು ಹೋಗುವ ತರುಣನ ರೀಲ್ಸನ್ನು ಎಲ್ಲರೂ ಕಂಡಿದ್ದೇವೆ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಮುಂಗಾಲಿ ನೆಲ ಬಿಡುವಂಥ ಸಾಹಸವನ್ನೂ ಅವನು ಚಿತ್ರಿಸಿ ಹಾಕುತ್ತಾನೆ; ಅದು ಪ್ರಾಣಕ್ಕೆ ಎರವಾಗುವ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಡಿಯೊದೊಳಗಿನ ಮಾತನ್ನೂ ಕೇಳಿಸಿಕೊಳ್ಳಬೇಕು. ನನ್ನ ದುಡಿಮೆ ನಿಕೃಷ್ಟವಲ್ಲ ಎಂದು ಅವನು ಹೇಳುತ್ತಿದ್ದಾನೆ. ಕಾಯಕದಲ್ಲಿ ಮೇಲುಕೀಳಿಲ್ಲ ಎಂಬ ಶರಣರ ಮಾತನ್ನು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಮದುವೆಯ ಮಾತುಕತೆಗೆ ಕುಳಿತಾಗ ಸರ್ಕಾರಿ ನೌಕರನನ್ನೇ ಹುಡುಕುತ್ತೇವೆ. ಸ್ವಂತ ಊರು ಕೊಡದ ಮೆಚ್ಚುಗೆಯನ್ನು ಅವನು ಅಪರಿಚಿತರಲ್ಲಿ ಬೇಡುತ್ತಿದ್ದಾನೆ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಬಿಗಿ. ಪಿಯುಸಿ ಮುಗಿದು ಮನೆಯಲ್ಲಿ ಉಳಿದ ಹುಡುಗಿಗೆ ಚಹಾದಂಗಡಿಯ ಬಾಕು ಇಲ್ಲ, ಆಟದ ಬಯಲು ಇಲ್ಲ, ಸಂಜೆ ಹೊತ್ತು ಕಟ್ಟೆಯ ಮೇಲೆ ಕೂರುವ ಹಕ್ಕೂ ಇಲ್ಲ. ಅವಳ ಪಾಲಿಗೆ ಓಣಿ, ಸಂತೆ, ಗೆಳತಿಯರ ಕೂಟ ಎಲ್ಲವೂ ಅಂಗೈ ಅಗಲದ ಆ ಪರದೆಯೇ. ಅಲ್ಲಿ ಯಾರಾದರೂ ಅವಳ ಭಾವಚಿತ್ರವನ್ನು ಕದ್ದು ಹೆದರಿಸಿದರೆ, ಮನೆಯಲ್ಲಿ ಹೇಳುವ ಧೈರ್ಯ ಅವಳಿಗೆ ಬರುವುದಿಲ್ಲ. ಏಕೆಂದರೆ ಹೇಳಿದ ಮರುದಿನವೇ ಫೋನು ಹೋಗುತ್ತದೆ, ಕಾಲೇಜು ನಿಲ್ಲುತ್ತದೆ, ಗಂಡು ನೋಡುವ ಶಾಸ್ತ್ರ ಆರಂಭವಾಗುತ್ತದೆ. ತಪ್ಪು ಮಾಡಿದವನು ಎಲ್ಲೋ ಸುರಕ್ಷಿತನಾಗಿರುತ್ತಾನೆ, ಶಿಕ್ಷೆ ಇವಳಿಗೆ. ಇದನ್ನು ಓದುವ ತಂದೆತಾಯಿಗಳು ಬೇರೇನನ್ನು ಮರೆತರೂ ಇದೊಂದನ್ನು ನೆನಪಿನಲ್ಲಿಡಲಿ: ಮಗಳು ಬಂದು ಹೇಳಿದರೆ ಮೊದಲು ಬೈಯಬೇಡಿ. ಸೈಬರ್ ಅಪರಾಧಗಳಿಗಾಗಿ 1930, ಮಕ್ಕಳಿಗಾಗಿ 1098 ಎಂಬ ಸಹಾಯವಾಣಿಗಳಿವೆ. ದೂರು ಕೊಡುವುದು ಅವಳ ಮಾನಕ್ಕೆ ಕುಂದಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಈ ಕಂಪನಿಗಳು ನಿರ್ದೋಷಿಗಳೆಂದು ಅರ್ಥವಲ್ಲ. ಹಸಿವು ನಮ್ಮ ಮಕ್ಕಳದು; ಆ ಹಸಿವು ಎಂದಿಗೂ ತೀರದಂತೆ ಬಡಿಸುವ ಕೌಶಲ ಅವರದು. ಹಿಂದೆ ಪುಸ್ತಕಕ್ಕೆ ಕೊನೆಯ ಪುಟವಿತ್ತು, ಆಟಕ್ಕೆ ಮಂಗಳವಿತ್ತು. ಅಜಾ ರಾಸ್ಕಿನ್ ಎಂಬ ತಂತ್ರಜ್ಞರು 2006ರಲ್ಲಿ ರೂಪಿಸಿದ, ಎಷ್ಟು ಸರಿಸಿದರೂ ಮುಗಿಯದ ಪುಟದ ವಿನ್ಯಾಸವು ಆ ಕೊನೆಯನ್ನೇ ಅಳಿಸಿತು. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ಪರಿತಪಿಸಿದರು. 2009ರಲ್ಲಿ ಫೇಸ್‌ಬುಕ್ ತಂದ ಲೈಕ್ ಗುಂಡಿಯು ಮೆಚ್ಚುಗೆಯನ್ನು ಎಣಿಸುವ ಪದಾರ್ಥವನ್ನಾಗಿ ಮಾಡಿತು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಒಂದು ಸಂಗತಿ ಸ್ಪಷ್ಟವಾಗಿತ್ತು: ಕಾಳು ಯಾವಾಗ ಬೀಳುವುದೆಂದು ತಿಳಿಯದಿದ್ದರೆ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ನಮ್ಮ ಭಾಗದವರಿಗೆ ಇದನ್ನು ವಿವರಿಸಲು ಅಮೆರಿಕದವರೆಗೆ ಹೋಗಬೇಕಿಲ್ಲ. ಓಸಿ ಮಟ್ಕಾದ ಅಂಕಿಗಾಗಿ ಕಾಯುವವನ ಕಣ್ಣನ್ನು ನೋಡಿದವರಿಗೆ ಸಾಕು. ಹತ್ತು ಸಪ್ಪೆ ವಿಡಿಯೊಗಳ ನಂತರ ಒಂದು ರುಚಿಯದು ಬರುತ್ತದೆ. ಹತ್ತು ದಿನ ಯಾರೂ ನೋಡದ ಹುಡುಗನ ವಿಡಿಯೊವನ್ನು ಹನ್ನೊಂದನೆಯ ದಿನ ಸಾವಿರಾರು ಜನ ನೋಡುತ್ತಾರೆ. ಆ ಒಂದು ದಿನಕ್ಕಾಗಿ ಅವನು ವರ್ಷವೆಲ್ಲ ಕುಕ್ಕುತ್ತಾನೆ.

ಇದರ ಹಿಂದೆ ಹಣವಿದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಒಡೆತನದ ಮೆಟಾ ಕಂಪನಿಯ 2023ರ ಆದಾಯವು 13,000 ಕೋಟಿ ಡಾಲರ್ ದಾಟಿತ್ತು. ಅದರ ಬಹುತೇಕ ಪಾಲು ಜಾಹೀರಾತಿನದು. ಹುಡುಗ ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು. 2021ರಲ್ಲಿ ಫ್ರಾನ್ಸಿಸ್ ಹಾಗನ್ ಎಂಬ ಮಾಜಿ ಉದ್ಯೋಗಿಯು ಹೊರಗೆಡಹಿದ ಕಾಗದಪತ್ರಗಳಿಂದ, ಇನ್‌ಸ್ಟಾಗ್ರಾಮ್ ಹದಿಹರೆಯದ ಹುಡುಗಿಯರಲ್ಲಿ ತಮ್ಮ ದೇಹದ ಬಗೆಗಿನ ಕೀಳರಿಮೆಯನ್ನು ಹೆಚ್ಚಿಸುವ ಸಂಗತಿ ಕಂಪನಿಯದೇ ಒಳಸಂಶೋಧನೆಯಲ್ಲಿ ಕಂಡುಬಂದಿತ್ತೆಂದು ಜಗತ್ತಿಗೆ ತಿಳಿಯಿತು. ಅಂದರೆ ತಿಳಿಯದೆ ಆದ ತಪ್ಪಿದು ಎನ್ನುವಂತಿಲ್ಲ.

ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನೆಡುವ ಸಾಧನೆ ನಮ್ಮ ಪರಂಪರೆಯದು. ಅಲ್ಲಿ ನೋಡುವವನ ಚಿತ್ತವು ಒಂದೆಡೆ ನಿಂತು ತನ್ನನ್ನೇ ಅರಿಯತೊಡಗುತ್ತದೆ. ಅದೇ ಅಂಗೈಯಲ್ಲಿರುವ ಈ ಪರದೆಯಾದರೋ ನೋಡುವವನನ್ನೇ ನೋಡುತ್ತ, ಅವನ ದೃಷ್ಟಿ ಎಲ್ಲಿ ನಿಂತಿತೆಂದು ಗುರುತಿಟ್ಟುಕೊಂಡು, ಅಲ್ಲಿ ನಿಲ್ಲಗೊಡದೆ ಮುಂದಕ್ಕೆ ಎಳೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ತಂತ್ರಜ್ಞಾನದ ಚಟಕ್ಕಾಗಿ ಶಟ್ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು ಎಂಬುದನ್ನು ಗಮನಿಸಿದರೆ, ಇದು ಬೈಗುಳದಿಂದ ಸರಿಹೋಗುವ ದುರಭ್ಯಾಸವಲ್ಲವೆಂದು ತಿಳಿಯುತ್ತದೆ. ನಿದ್ರೆ, ಊಟ, ಓದು ಮೂರೂ ತಪ್ಪಿದ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಲು ಸಂಕೋಚಪಡಬಾರದು.

ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರು ಇದಕ್ಕೆ ತನ್ನದೇ ಆದ ಉಪಾಯವೊಂದನ್ನು ಕಂಡುಕೊಂಡಿದೆ. 2022ರಿಂದ ಅಲ್ಲಿ ಸಂಜೆ 7 ಗಂಟೆಗೆ ಗುಡಿಯಿಂದ ಸೈರನ್ ಮೊಳಗುತ್ತದೆ, 8.30ರವರೆಗೆ ಮೊಬೈಲೂ ಟಿ.ವಿ.ಯೂ ಬಂದ್. ಮಕ್ಕಳು ಓದುತ್ತಾರೆ, ಹಿರಿಯರು ಮಾತನಾಡುತ್ತಾರೆ. ಈ ಕ್ರಮದ ಬಲವಿರುವುದು ಸೈರನ್ನಿನಲ್ಲಿ ಎನ್ನುವುದಕ್ಕಿಂತ, ಅಪ್ಪನ ಫೋನೂ ಅವ್ವನ ಧಾರಾವಾಹಿಯೂ ಅದೇ ಗಂಟೆಗೆ ನಿಲ್ಲುವುದರಲ್ಲಿ. ನಮ್ಮಲ್ಲಿ ಪ್ರವಚನ ನಡೆಯುವಾಗಲೇ ಹಿಂದಿನ ಸಾಲಿನಲ್ಲಿ ಕುಳಿತು ವಾಟ್ಸ್‌ಆ್ಯಪ್ ಸಂದೇಶಗಳನ್ನು ಮುಂದಕ್ಕೆ ಕಳಿಸುವ ಹಿರಿಯರ ಸಂಖ್ಯೆ ಕಡಿಮೆಯೇನಲ್ಲ! ಅವರು ಮೊಮ್ಮಗನಿಗೆ ಯಾವ ಬಾಯಿಂದ ಬುದ್ಧಿ ಹೇಳಬೇಕು?

ಆ ಒಂದೂವರೆ ಗಂಟೆಯಲ್ಲಿ ಹುಡುಗರು ಎಲ್ಲಿಗೆ ಹೋಗಬೇಕೆಂಬುದು ಅದರ ಮುಂದಿನ ಪ್ರಶ್ನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ರಾಜ್ಯ ಸರ್ಕಾರ ಈಗ ಅರಿವು ಕೇಂದ್ರಗಳೆಂದು ಕರೆಯುತ್ತಿದೆ. 2020ರ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಶರಣರ ನುಡಿಯಿಂದ ಬಂದ ಆ ಹೆಸರನ್ನು ಹೊತ್ತ ಕೇಂದ್ರಗಳು ಸಂಜೆ ತೆರೆದಿರುವಂತೆ, ಹೆಣ್ಣುಮಕ್ಕಳೂ ನಿರ್ಭಯವಾಗಿ ಬಂದುಹೋಗುವಂತೆ ನೋಡಿಕೊಳ್ಳುವುದು ಊರಿನ ಹಿರಿಯರಿಗೆ ಅಸಾಧ್ಯವಲ್ಲ. ಜಾತ್ರೆಯ ಒಂದು ರಾತ್ರಿಯನ್ನು ಪೂರ್ತಿಯಾಗಿ ಊರ ಹುಡುಗ-ಹುಡುಗಿಯರಿಗೆ ಬಿಟ್ಟುಕೊಡಬಹುದು; ಅವರು ಪಾರಿಜಾತವನ್ನೇ ಆಡಲಿ, ತಮ್ಮ ರೀಲ್ಸಿನ ಹಾಸ್ಯವನ್ನೇ ಆಡಲಿ. ಆಗ ಮುಂದಿನ ಸಾಲಿನಲ್ಲಿ ಹಿರಿಯರು ಕೊನೆಯವರೆಗೂ ಕುಳಿತಿರಬೇಕು.

ಕಾನೂನು ತನ್ನ ಕೆಲಸವನ್ನು ಮಾಡುತ್ತಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯನ್ನು ನಿರ್ಬಂಧಿಸಿದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿತ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಲಿವೆ. ಒಳ್ಳೆಯದೇ. ಆದರೆ ನಮ್ಮ ಹಳ್ಳಿಯ ಎಷ್ಟೋ ಮನೆಗಳಲ್ಲಿ ಅಪ್ಪನ ಫೋನಿನಲ್ಲಿ ಆ್ಯಪುಗಳನ್ನು ಹಾಕಿಕೊಡುವವನು, ಪಾಸ್‌ವರ್ಡ್ ಇಟ್ಟವನು, ಬಂದ ಓಟಿಪಿಯನ್ನು ಓದಿ ಒತ್ತುವವನು ಎಂಟನೆಯ ತರಗತಿಯ ಮಗನೇ. ನಾಳೆ ತಂದೆಯ ಒಪ್ಪಿಗೆ ಕೇಳಿ ಆ ಫೋನಿಗೆ ಸಂದೇಶ ಬಂದಾಗಲೂ ಅಪ್ಪ ಹೊಲದಲ್ಲಿರುತ್ತಾನೆ, ಫೋನು ಮಗನ ಕೈಯಲ್ಲಿರುತ್ತದೆ.