ನುಡಿಗಟ್ಟಿಗೆ ಅಂಟಿದ ಕಟ್ಟುಕತೆ

ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುವವರು ಅವುಗಳ ಹುಟ್ಟಿನ ಕತೆಯಿಂದ ಶುರುಮಾಡುವುದು ವಾಡಿಕೆ. ಆ ಕತೆಗಳಲ್ಲಿ ಎಷ್ಟೋ ಆಮೇಲೆ ಹೆಣೆದವು. ‘ರೂಲ್ ಆಫ್ ಥಂಬ್’ ಅನ್ನೇ ನೋಡಿ. ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಗಂಡ ಹೆಂಡತಿಯನ್ನು ಹೊಡೆಯಬಹುದೆಂಬ ಹಳೆಯ ಕಾನೂನಿನಿಂದ ಅದು ಬಂತು ಎನ್ನುತ್ತಾರೆ. ಇಂಗ್ಲೆಂಡಿನ ಕಾನೂನಿನಲ್ಲಿ ಅಂಥ ನಿಯಮ ಯಾರಿಗೂ ಸಿಕ್ಕಿಲ್ಲ. ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್ ಹಾಗೆ ಹೇಳಿದರೆಂಬ ಸುದ್ದಿ ಹಬ್ಬಿ, 1782ರಲ್ಲಿ ಚಿತ್ರಕಾರ ಜೇಮ್ಸ್ ಗಿಲ್‌ರೇ ಆ ನ್ಯಾಯಾಧೀಶರನ್ನು ‘ಜಡ್ಜ್ ಥಂಬ್’ ಎಂದು ವ್ಯಂಗ್ಯಚಿತ್ರದಲ್ಲಿ ಹಂಗಿಸಿದ್ದು ನಿಜ. ಆದರೆ ಅನುಭವದ ಅಂದಾಜು ಎಂಬ ಅರ್ಥದಲ್ಲಿ ಈ ಮಾತು ಅದಕ್ಕೂ ಹಿಂದೆ, 17ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಕತೆ ಸುಳ್ಳಾದರೇನು, ನೆನಪಿಗೆ ನೆರವಾಗುತ್ತದಲ್ಲ ಎನ್ನಬಹುದು. ಆದರೆ ನೆನಪಿನಲ್ಲಿ ಉಳಿಯುವುದು ಕತೆ, ಬಳಕೆಯಲ್ಲ. ಜೋರು ಮಳೆಗೆ ಹೇಳುವ ನುಡಿಗಟ್ಟನ್ನೇ ನೋಡಿ: ‘ರೈನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಜೋನಾಥನ್ ಸ್ವಿಫ್ಟ್‌ನ 1738ರ ಪುಸ್ತಕದಲ್ಲೇ ಇದೆ, ಅದೂ ಸಿರಿವಂತರ ಸವಕಲು ಮಾತುಗಳನ್ನು ಗೇಲಿಮಾಡಲು ಬರೆದ ಪುಸ್ತಕದಲ್ಲಿ. ಹುಲ್ಲಿನ ಸೂರಿನಿಂದ ಬೆಕ್ಕು ನಾಯಿಗಳು ಜಾರಿಬೀಳುತ್ತಿದ್ದವು ಎಂಬ ಕಟ್ಟುಕತೆ ನಮ್ಮ ವಿದ್ಯಾರ್ಥಿಗೆ ಬಾಯಿಪಾಠ. ಆದರೆ ಇಂಗ್ಲಿಷರೇ ಈಗ ಜೋರು ಮಳೆ ಬಂದಾಗ ಈ ನುಡಿಗಟ್ಟನ್ನು ಅಪರೂಪಕ್ಕೆ ಆಡುತ್ತಾರೆ, ‘ಪೋರಿಂಗ್’ ಎಂದಷ್ಟೇ ಹೇಳಿ ಕೊಡೆ ಬಿಡಿಸುತ್ತಾರೆ ಎಂದು ಅವನಿಗೆ ಹೇಳುವವರು ಕಡಿಮೆ.